ಕೇಳಿಸದ ಸದ್ದಿನಿಂದ ಪ್ರಾಸ್ಟೇಟ್ ಚಿಕಿತ್ಸೆ

ಭೂತಗನ್ನಡಿಯನ್ನು ಬಿಸಿಲಿಗೆ ಹಿಡಿದು ಕಾಗದ ಸುಡುವ ಆಟ ಆಡದ ಮಕ್ಕಳು ಕಡಿಮೆ. ಗಾಜನ್ನು ಕೊಂಚ ಹಿಂದೆ ಮುಂದೆ ಸರಿಸುತ್ತ ಹೋದರೆ ಹರಡಿದ್ದ ಬೆಳಕೆಲ್ಲ ಒಂದು ಚುಕ್ಕೆಯಾಗಿ ಕೂಡುತ್ತದೆ. ಆ ಚುಕ್ಕೆ ಬಿದ್ದಲ್ಲಿ ಮೊದಲು ಕಂದು ಕಲೆ, ಆಮೇಲೆ ಹೊಗೆ, ಕೊನೆಗೆ ತೂತು. ಅದೇ ಬೆಳಕು ಗಾಜಿನಿಂದ ಹೊರಟ ಕೂಡಲೇ ಅಂಗೈ ಒಡ್ಡಿ ನೋಡಿದರೆ ಬರೀ ಬಿಸಿಲಷ್ಟೆ. ಸುಡುವುದು ಕಿರಣಗಳು ಕೂಡುವ ಜಾಗದಲ್ಲಿ ಮಾತ್ರ.

ಬೆಳಕಿನ ಬದಲು ಸದ್ದನ್ನು ಹೀಗೆ ಒಂದು ಚುಕ್ಕೆಗೆ ಕೂಡಿಸಿದರೆ? ಆ ಚುಕ್ಕೆ ಕಾಗದದ ಮೇಲೆ ಬೀಳದೆ ದೇಹದ ಒಳಗೆ, ಕ್ಯಾನ್ಸರ್ ಗಂಟಿನ ಮೇಲೆ ಬಿದ್ದರೆ? ಚರ್ಮ ಕೊಯ್ಯದೆ, ಆ ಗಂಟನ್ನಷ್ಟೇ ಬೇಯಿಸಿ ಹಾಕಬಹುದಲ್ಲವೆ? ಈ ಯೋಚನೆಯೇ ಇಂದು ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿಗೆ ಒಂದು ಚಿಕಿತ್ಸೆಯಾಗಿ ಬೆಳೆದು ನಿಂತಿದೆ. ತೀವ್ರವಾದ ಶ್ರವಣಾತೀತ ಧ್ವನಿಯನ್ನು ಒಂದು ಬಿಂದುವಿಗೆ ನೆಟ್ಟು ಮಾಡುವ ಈ ಚಿಕಿತ್ಸೆಯನ್ನು ವೈದ್ಯರು ಚುಟುಕಾಗಿ ‘ಹೈಫು’ ಎನ್ನುತ್ತಾರೆ.

ಐವತ್ತು ದಾಟಿದ ಗಂಡಸರ ಕಾಯಿಲೆಯ ಮಾತು ವಿದ್ಯಾರ್ಥಿಗಳಿಗೇಕೆ ಎಂದು ಕೇಳಬಹುದು. ಕಾರಣವಿದೆ. ಅರವತ್ತೆರಡು ವರ್ಷದ ಒಬ್ಬ ತಂದೆಯನ್ನು ಊಹಿಸಿಕೊಳ್ಳಿ. ರಾತ್ರಿ ನಾಲ್ಕು ಸಲ ಎದ್ದು ಬಚ್ಚಲಿಗೆ ಹೋಗುತ್ತಾರೆ. ಹೆಂಡತಿ ಕೇಳಿದರೆ ‘ವಯಸ್ಸಾಯಿತಲ್ಲ’ ಎಂದು ಮಾತು ಮುಗಿಸುತ್ತಾರೆ. ಕೊನೆಗೊಮ್ಮೆ ಪರೀಕ್ಷೆ ಮಾಡಿಸಿದಾಗ ಬಂದ ವರದಿಯನ್ನು ಮಡಚಿ ಬೀರುವಿನಲ್ಲಿ ಇಡುತ್ತಾರೆ. ಸಂಕೋಚ, ಭಯ, ಮಕ್ಕಳ ಓದಿಗೆ ತೊಂದರೆ ಆದೀತೆಂಬ ಚಿಂತೆ, ಎಲ್ಲ ಸೇರಿ ಬಾಯಿ ಕಟ್ಟಿರುತ್ತದೆ. ಹಲವು ಮನೆಗಳಲ್ಲಿ ಆ ವರದಿಯನ್ನು ಓದಿ ಅರ್ಥ ಹೇಳಬಲ್ಲವರು ಕಾಲೇಜಿಗೆ ಹೋಗುವ ಮಗ ಅಥವಾ ಮಗಳು. ಆದ್ದರಿಂದ ವಿಷಯವನ್ನು ಇಬ್ಬರೂ ಒಟ್ಟಿಗೆ ತಿಳಿದುಕೊಳ್ಳುವುದೇ ಒಳ್ಳೆಯದು.

ನೆಲ್ಲಿಕಾಯಿ ಗಾತ್ರದ ಗ್ರಂಥಿ

ಪ್ರಾಸ್ಟೇಟ್ ಗಂಡಸರಲ್ಲಿ ಮಾತ್ರ ಇರುವ ಗ್ರಂಥಿ. ಮೂತ್ರಕೋಶದ ಕೆಳಗೆ, ಗುದನಾಳದ ಮುಂದೆ ಅದರ ವಾಸ. ಯೌವನದಲ್ಲಿ ದೊಡ್ಡ ನೆಲ್ಲಿಕಾಯಿಯಷ್ಟು, ಸುಮಾರು 20 ಗ್ರಾಂ ತೂಕ. ಮೂತ್ರ ಹೊರಹೋಗುವ ನಾಳ ಇದರ ನಡುವೆಯೇ ಹಾದು ಬರುತ್ತದೆ. ವೀರ್ಯದ ಒಂದು ಭಾಗವನ್ನು ತಯಾರಿಸುವುದು ಇದರ ಕೆಲಸ.

ವಯಸ್ಸಾದಂತೆ ಈ ಗ್ರಂಥಿ ಬಹುಮಂದಿಯಲ್ಲಿ ದಪ್ಪವಾಗುತ್ತದೆ. ನಡುವಿನ ನಾಳವನ್ನು ಅದುಮುವುದರಿಂದ ಮೂತ್ರದ ಧಾರೆ ಸಣ್ಣದಾಗುತ್ತದೆ, ಪದೇ ಪದೇ ಹೋಗಬೇಕೆನಿಸುತ್ತದೆ. ಇದು ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಆಗಿ ಬದಲಾಗುವುದೂ ಇಲ್ಲ. ಕ್ಯಾನ್ಸರ್ ಬೇರೆಯೇ ಕಾಯಿಲೆ. ಅದು ಶುರುವಿನಲ್ಲಿ ಹೆಚ್ಚಾಗಿ ಯಾವ ಸುಳಿವನ್ನೂ ಕೊಡುವುದಿಲ್ಲ. ತಂದೆಗೆ ಅಥವಾ ಸೋದರನಿಗೆ ಈ ಕ್ಯಾನ್ಸರ್ ಬಂದಿದ್ದರೆ ಅಪಾಯ ಸುಮಾರು ಎರಡು ಪಟ್ಟು ಹೆಚ್ಚು. ಅಂದರೆ ಅಪ್ಪ ಮುಚ್ಚಿಟ್ಟ ವರದಿ ಮಗನಿಗೂ ಮುಂದೊಂದು ದಿನ ಬೇಕಾಗುವ ಮಾಹಿತಿ.

ಪಿಎಸ್‌ಎ ಎಂಬ ರಕ್ತಪರೀಕ್ಷೆಯಿಂದ ಮೊದಲ ಸಂಶಯ ಹುಟ್ಟುತ್ತದೆ. ಇದು ಪ್ರಾಸ್ಟೇಟ್ ತಯಾರಿಸುವ ಒಂದು ಪ್ರೋಟೀನಿನ ಅಳತೆ. ಮಿಲಿಲೀಟರಿಗೆ 4 ನ್ಯಾನೋಗ್ರಾಂ ಎಂಬುದು ಬಹುಕಾಲದಿಂದ ರೂಢಿಯಲ್ಲಿರುವ ಗಡಿ. ಆದರೆ ಗ್ರಂಥಿ ದಪ್ಪವಾದರೂ ಸೋಂಕು ತಗುಲಿದರೂ ಈ ಅಂಕಿ ಏರುತ್ತದೆ. ಆದ್ದರಿಂದ ಅಂಕಿ ನೋಡಿ ಎದೆ ಒಡೆದುಕೊಳ್ಳಬೇಕಿಲ್ಲ. ಮುಂದೆ ಎಂಆರ್‌ಐ ಚಿತ್ರ ತೆಗೆಯುತ್ತಾರೆ. ಅದರಲ್ಲಿ ಅನುಮಾನದ ಜಾಗ ಕಂಡರೆ ಸೂಜಿಯಿಂದ ಚೂರು ಅಂಗಾಂಶ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಇದೇ ಬಯಾಪ್ಸಿ. ಕ್ಯಾನ್ಸರ್ ಇದೆಯೇ ಇಲ್ಲವೇ ಎಂಬ ತೀರ್ಪು ಬರುವುದು ಇಲ್ಲಿ. ಕ್ಯಾನ್ಸರ್ ಎಷ್ಟು ಉಗ್ರ ಎಂಬುದನ್ನು ಅಮೆರಿಕದ ವೈದ್ಯ ಡೊನಾಲ್ಡ್ ಗ್ಲೀಸನ್ 1960ರ ದಶಕದಲ್ಲಿ ರೂಪಿಸಿದ ಅಂಕದಿಂದ ಹೇಳುತ್ತಾರೆ. 6 ಎಂದರೆ ಸೌಮ್ಯ, 7 ನಡುವಿನದು, 8ರಿಂದ 10 ಉಗ್ರ.

ಜಲಾಂತರ್ಗಾಮಿಯಿಂದ ಆಸ್ಪತ್ರೆಗೆ

ನಮ್ಮ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಸದ್ದು ಕೇಳಿಸುತ್ತದೆ. ಅದರಾಚೆಯದು ಶ್ರವಣಾತೀತ ಧ್ವನಿ. ಕ್ವಾರ್ಟ್ಸ್‌ನಂಥ ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುತ್ತದೆ ಎಂಬುದನ್ನು 1880ರಲ್ಲಿ ಪಿಯರ್ ಕ್ಯೂರಿ ಮತ್ತು ಅವನ ಅಣ್ಣ ಜಾಕ್ ಕ್ಯೂರಿ ಕಂಡುಹಿಡಿದರು. ಇದನ್ನು ತಿರುವುಮುರುವು ಮಾಡಿ, ಹರಳಿಗೆ ವಿದ್ಯುತ್ತು ಕೊಟ್ಟು ಅದು ಕಂಪಿಸುವಂತೆ ಮಾಡಿದರೆ ಸದ್ದು ಹುಟ್ಟುತ್ತದೆ. ಪಿಯರ್ ಕ್ಯೂರಿಯ ಶಿಷ್ಯ ಪಾಲ್ ಲಾಂಜವಾ ಮೊದಲ ಮಹಾಯುದ್ಧದ ಕಾಲದಲ್ಲಿ, 1917ರ ಸುಮಾರಿಗೆ, ಶತ್ರುಗಳ ಜಲಾಂತರ್ಗಾಮಿಗಳನ್ನು ಪತ್ತೆ ಮಾಡಲು ಈ ಉಪಾಯವನ್ನೇ ಹೂಡಿದ. ಆಗ ವಿಚಿತ್ರವೊಂದು ಕಂಡುಬಂತು. ಧ್ವನಿಯ ದಾರಿಗೆ ಸಿಕ್ಕ ಮೀನುಗಳು ಸತ್ತವು, ನೀರಿನಲ್ಲಿ ಕೈ ಇಟ್ಟವರಿಗೆ ನೋವಾಯಿತು. ಕೇಳಿಸದ ಸದ್ದಿಗೆ ಜೀವವನ್ನು ತಾಕುವ ಶಕ್ತಿ ಇದೆಯೆಂಬುದು ಹೀಗೆ ಗೊತ್ತಾಯಿತು.

ಈ ಧ್ವನಿಯ ಕಥೆಯಲ್ಲಿ ಬೆಂಗಳೂರಿಗೂ ಒಂದು ಪುಟವಿದೆ. ದ್ರವದಲ್ಲಿ ಶ್ರವಣಾತೀತ ಅಲೆಗಳು ಹಾಯುವಾಗ ಅದರ ಮೂಲಕ ಹೋಗುವ ಬೆಳಕು ಹೇಗೆ ಚದುರುತ್ತದೆ ಎಂಬುದನ್ನು ಸಿ.ವಿ. ರಾಮನ್ ಮತ್ತು ನಾಗೇಂದ್ರನಾಥ್ 1935-36ರಲ್ಲಿ ಇಲ್ಲಿಯೇ ವಿವರಿಸಿದರು. ಭೌತವಿಜ್ಞಾನದ ಪುಸ್ತಕಗಳಲ್ಲಿ ಅದು ಇಂದಿಗೂ ‘ರಾಮನ್-ನಾಥ್ ಸಿದ್ಧಾಂತ’.

ಧ್ವನಿಯನ್ನು ನೆಟ್ಟು ದೇಹದ ಒಳಗಿನ ಅಂಗಾಂಶವನ್ನು ಸುಡುವ ಪ್ರಯೋಗ 1942ರಲ್ಲಿ ಅಮೆರಿಕದಲ್ಲಿ ಪ್ರಾಣಿಗಳ ಮೇಲೆ ನಡೆಯಿತು. 1950ರ ದಶಕದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಫ್ರೈ ಸೋದರರು ಮಿದುಳಿನ ಆಳದ ಚಿಕ್ಕ ಭಾಗಗಳಿಗೆ ಧ್ವನಿಯನ್ನು ಗುರಿಯಿಟ್ಟರು. ಆದರೆ ಒಳಗೆ ಏನಾಗುತ್ತಿದೆ ಎಂಬುದನ್ನು ಕಣ್ಣಾರೆ ನೋಡುವ ಸಾಧನ ಆಗ ಇರಲಿಲ್ಲ. ಕಣ್ಣು ಕಟ್ಟಿ ಬಾಣ ಬಿಟ್ಟಂತೆ. ಸ್ಕ್ಯಾನಿಂಗ್ ಸುಧಾರಿಸಿದ ಮೇಲೆ, 1990ರ ದಶಕದಲ್ಲಿ, ಫ್ರಾನ್ಸಿನ ಲಿಯೋನ್, ಆಸ್ಟ್ರಿಯದ ವಿಯೆನ್ನಾ, ಅಮೆರಿಕದ ಇಂಡಿಯಾನಾಗಳ ವೈದ್ಯರು ಪ್ರಾಸ್ಟೇಟಿನತ್ತ ತಿರುಗಿದರು. ಗುದನಾಳದಿಂದ ಪ್ರಾಸ್ಟೇಟ್ ಕೆಲವೇ ಮಿಲಿಮೀಟರ್ ದೂರ. ಎಲುಬಿನ ಅಡ್ಡಿ ಇಲ್ಲ. ಧ್ವನಿಗೆ ಇಷ್ಟು ಹತ್ತಿರದ ದಾರಿ ಬೇರೆ ಅಂಗಕ್ಕೆ ಸಿಗುವುದು ಕಷ್ಟ.

ಇಲ್ಲಿ ಬಳಸುವ ಧ್ವನಿ ಸೆಕೆಂಡಿಗೆ 30ರಿಂದ 40 ಲಕ್ಷ ಸಲ ಕಂಪಿಸುತ್ತದೆ. ಅಂಗಾಂಶದಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1,540 ಮೀಟರ್. ವೇಗವನ್ನು ಕಂಪನಸಂಖ್ಯೆಯಿಂದ ಭಾಗಿಸಿದರೆ ಅಲೆಯ ಉದ್ದ ಬರುತ್ತದೆ ಎಂಬುದು ಹೈಸ್ಕೂಲಿನ ಪಾಠ. ಲೆಕ್ಕ ಹಾಕಿ ನೋಡಿ, 40 ಲಕ್ಷ ಕಂಪನಕ್ಕೆ ಅಲೆಯುದ್ದ ಅರ್ಧ ಮಿಲಿಮೀಟರಿಗಿಂತಲೂ ಕಡಿಮೆ. ಅಲೆ ಇಷ್ಟು ಚಿಕ್ಕದಾದ್ದರಿಂದಲೇ ಅದನ್ನು ಒಂದು ಅಕ್ಕಿಕಾಳಿನಷ್ಟು ಜಾಗಕ್ಕೆ ಕೂಡಿಸಲು ಸಾಧ್ಯ. ಆ ಜಾಗದಲ್ಲಿ ಕೆಲವೇ ಸೆಕೆಂಡುಗಳಲ್ಲಿ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ದಾಟಿ 80, 90ಕ್ಕೂ ಏರುತ್ತದೆ. ಬಾಣಲೆಗೆ ಬಿದ್ದ ಮೊಟ್ಟೆಯ ಬಿಳಿ ಗಟ್ಟಿಯಾಗುವಂತೆ ಜೀವಕೋಶಗಳ ಪ್ರೋಟೀನು ಹೆಪ್ಪುಗಟ್ಟಿ ಅವು ಸಾಯುತ್ತವೆ.

ಹಾಗಾದರೆ ಗರ್ಭಿಣಿಯರಿಗೆ ಮಾಡುವ ಸ್ಕ್ಯಾನಿಂಗಿನಲ್ಲೂ ಹೀಗೆ ಸುಡುತ್ತದೆಯೆ ಎಂದು ತಾಯಂದಿರು ಗಾಬರಿಯಾಗಬೇಕಿಲ್ಲ. ಚಿಕಿತ್ಸೆಯ ಧ್ವನಿಯ ತೀವ್ರತೆ ಸ್ಕ್ಯಾನಿಂಗಿನದಕ್ಕಿಂತ ಸಾವಿರಾರು ಪಟ್ಟು ಹೆಚ್ಚು. ಹಣತೆಗೂ ಕುಲುಮೆಗೂ ಇರುವ ವ್ಯತ್ಯಾಸ.

ಚಿಕಿತ್ಸೆಯ ದಿನ

ಹಿಂದಿನ ದಿನವೇ ಸಿದ್ಧತೆ ಶುರು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ವೈದ್ಯರಿಗೆ ತಿಳಿಸಬೇಕು, ತಾವಾಗಿ ನಿಲ್ಲಿಸಬಾರದು. ಎನಿಮಾ ಕೊಟ್ಟು ಗುದನಾಳವನ್ನು ಖಾಲಿ ಮಾಡುತ್ತಾರೆ. ಅಲ್ಲಿ ಮಲ ಅಥವಾ ಗಾಳಿ ಉಳಿದರೆ ಧ್ವನಿ ಚೆದುರಿಹೋಗುತ್ತದೆ. ಚಿಕಿತ್ಸೆಗೆ ಮೊದಲು ಕೆಲವು ಗಂಟೆ ಉಪವಾಸ.

ಪೂರ್ತಿ ಅರಿವಳಿಕೆ ಅಥವಾ ಬೆನ್ನುಹುರಿಯ ಬಳಿ ಕೊಡುವ ಅರಿವಳಿಕೆ, ಎರಡರಲ್ಲೊಂದು ಕೊಡುತ್ತಾರೆ. ನೋವಾಗುತ್ತದೆ ಎಂಬುದಷ್ಟೇ ಇದಕ್ಕೆ ಕಾರಣವಲ್ಲ. ಗುರಿ ಅಕ್ಕಿಕಾಳಿನಷ್ಟಿರುವಾಗ ರೋಗಿ ಒಂದು ಕೂದಲೆಳೆಯೂ ಅಲುಗಾಡಬಾರದು. ಯಂತ್ರದ ಬಗೆಯನ್ನು ನೋಡಿ ಅಂಗಾತ ಅಥವಾ ಬಲಮಗ್ಗುಲಿಗೆ ಮಲಗಿಸುತ್ತಾರೆ. ಬೆರಳಿಗಿಂತ ಕೊಂಚ ದಪ್ಪನೆಯ ಉಪಕರಣವೊಂದನ್ನು ಗುದನಾಳದಲ್ಲಿ ಇರಿಸುತ್ತಾರೆ. ಅದರ ಸುತ್ತ ಇರುವ ಚೀಲದಲ್ಲಿ ತಣ್ಣೀರು ಹರಿಯುತ್ತಿರುತ್ತದೆ. ಗುದನಾಳದ ಗೋಡೆ ಬಿಸಿಯಾಗದಿರಲೆಂದು ಈ ಏರ್ಪಾಟು. ಅದೇ ಉಪಕರಣ ಚಿತ್ರವನ್ನೂ ತೋರಿಸುತ್ತದೆ, ಸುಡುವ ಧ್ವನಿಯನ್ನೂ ಬಿಡುತ್ತದೆ.

ವೈದ್ಯರು ಪರದೆಯ ಮೇಲೆ ಚಿತ್ರ ನೋಡಿ ಎಲ್ಲೆ ಗುರುತಿಸುತ್ತಾರೆ. ಯಂತ್ರ ಕೆಲವು ಸೆಕೆಂಡು ಧ್ವನಿ ಬಿಡುತ್ತದೆ, ನಿಲ್ಲುತ್ತದೆ, ಪಕ್ಕಕ್ಕೆ ಸರಿಯುತ್ತದೆ, ಮತ್ತೆ ಬಿಡುತ್ತದೆ. ರಂಗೋಲಿಯ ಚುಕ್ಕೆಗಳನ್ನು ಒತ್ತೊತ್ತಾಗಿ ಇಟ್ಟು ಜಾಗ ತುಂಬಿಸಿದ ಹಾಗೆ. ಸಾಮಾನ್ಯವಾಗಿ ಒಂದರಿಂದ ಮೂರು ಗಂಟೆ ಹಿಡಿಯುತ್ತದೆ. ಗಾಯವಿಲ್ಲ, ಹೊಲಿಗೆಯಿಲ್ಲ, ವಿಕಿರಣವೂ ಇಲ್ಲ. ಅನೇಕರು ಅಂದೇ ಅಥವಾ ಮಾರನೆಯ ದಿನ ಮನೆಗೆ ಹೋಗುತ್ತಾರೆ.

ಮನೆಗೆ ಬಂದ ಮೇಲೆ

ಇಲ್ಲಿಗೆ ಎಲ್ಲ ಮುಗಿಯಿತೆಂದು ತಿಳಿಯಬಾರದು. ಬೆಂದ ಗ್ರಂಥಿ ಮೊದಲು ಊದಿಕೊಳ್ಳುತ್ತದೆ. ಮೂತ್ರ ಕಟ್ಟಬಾರದೆಂದು ಕ್ಯಾಥೆಟರ್ ಎಂಬ ರಬ್ಬರ್ ಕೊಳವೆ ಹಾಕಿ ಕಳಿಸುತ್ತಾರೆ. ಗ್ರಂಥಿಯ ಒಂದು ಭಾಗಕ್ಕಷ್ಟೇ ಚಿಕಿತ್ಸೆಯಾಗಿದ್ದರೆ ಕೆಲವು ದಿನದಿಂದ ಒಂದು ವಾರ, ಪೂರ್ತಿ ಗ್ರಂಥಿಗೆ ಆಗಿದ್ದರೆ ಇನ್ನೂ ಹೆಚ್ಚು ದಿನ ಅದು ಇರಬೇಕಾಗಬಹುದು. ಕೊಳವೆ, ಚೀಲ ಹೊತ್ತು ಓಡಾಡುವುದು ಅನೇಕರಿಗೆ ಕಾಯಿಲೆಗಿಂತ ದೊಡ್ಡ ಅವಮಾನವೆನಿಸುತ್ತದೆ. ಮನೆಯವರು ಇದನ್ನು ಮೂಳೆ ಮುರಿದವರ ಕೈಯ ಪಟ್ಟಿಯಷ್ಟೇ ಸಹಜವಾಗಿ ಕಂಡರೆ ಅರ್ಧ ಹೊರೆ ಇಳಿದಂತೆ.

ಕೊಳವೆ ತೆಗೆದ ಮೇಲೂ ಕೆಲವು ವಾರ ಮೂತ್ರ ಮಾಡುವಾಗ ಉರಿ, ಅವಸರ, ಮೂತ್ರದಲ್ಲಿ ಅಷ್ಟಿಷ್ಟು ರಕ್ತ ಅಥವಾ ಸತ್ತ ಅಂಗಾಂಶದ ಚೂರುಗಳು ಕಾಣಬಹುದು. ಇವು ನಿರೀಕ್ಷಿತವೇ. ಆದರೆ ಚಳಿಜ್ವರ ಬಂದರೆ, ಮೂತ್ರ ಪೂರ್ತಿ ಕಟ್ಟಿದರೆ, ರಕ್ತ ಗಟ್ಟಿ ಗಟ್ಟಿಯಾಗಿ ಬಂದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು.

ಮುಂದೆ ಉಳಿಯಬಹುದಾದ ತೊಂದರೆಗಳನ್ನೂ ಮುಚ್ಚುಮರೆಯಿಲ್ಲದೆ ತಿಳಿಯಬೇಕು. ಮೂತ್ರನಾಳ ಕಲೆಗಟ್ಟಿ ಕಿರಿದಾಗಬಹುದು. ಕೆಲವರಿಗೆ ಮೂತ್ರ ಹಿಡಿದುಕೊಳ್ಳುವ ಶಕ್ತಿ ಕುಂದುತ್ತದೆ. ಲೈಂಗಿಕ ಶಕ್ತಿಯ ನರಗಳು ಪ್ರಾಸ್ಟೇಟಿಗೆ ಅಂಟಿಕೊಂಡೇ ಹಾದುಹೋಗುವುದರಿಂದ ನಿಮಿರುವಿಕೆಗೆ ಧಕ್ಕೆಯಾಗಬಹುದು. ವೀರ್ಯದ ಪ್ರಮಾಣ ಕಡಿಮೆಯಾಗುತ್ತದೆ. ತೀರ ಅಪರೂಪಕ್ಕೆ ಗುದನಾಳಕ್ಕೂ ಮೂತ್ರನಾಳಕ್ಕೂ ನಡುವೆ ರಂಧ್ರ ಬೀಳುವುದುಂಟು, ಅದು ಗಂಭೀರವಾದದ್ದು.

ಅಂಕಿಗಳು ಏನು ಹೇಳುತ್ತವೆ?

ಮೊದಲಿಗೆ ವೈದ್ಯರು ಪೂರ್ತಿ ಗ್ರಂಥಿಯನ್ನೇ ಸುಡುತ್ತಿದ್ದರು. ಲಂಡನ್ನಿನ ಮಾರ್ಕ್ ಎಂಬರ್ಟನ್, ಹಾಶಿಮ್ ಅಹ್ಮದ್ ಮುಂತಾದವರು ಕ್ಯಾನ್ಸರ್ ಇರುವ ಭಾಗವನ್ನಷ್ಟೇ ಸುಟ್ಟು ಉಳಿದದ್ದನ್ನು ಉಳಿಸುವ ದಾರಿ ಹಿಡಿದರು. ಬ್ರಿಟನ್ನಿನ ಹಲವು ಆಸ್ಪತ್ರೆಗಳಲ್ಲಿ ಹೀಗೆ ಚಿಕಿತ್ಸೆ ಪಡೆದ 625 ಮಂದಿಯ ವರದಿ 2018ರಲ್ಲಿ ಪ್ರಕಟವಾಯಿತು. ಐದು ವರ್ಷದ ಲೆಕ್ಕದಲ್ಲಿ 100ಕ್ಕೆ 88 ಮಂದಿಗೆ ಶಸ್ತ್ರಚಿಕಿತ್ಸೆಯಾಗಲಿ ವಿಕಿರಣವಾಗಲಿ ಬೇಕಾಗಿರಲಿಲ್ಲ. ಮೂತ್ರದ ವಿಷಯದಲ್ಲಿ ಪ್ರಶ್ನೆಗಳಿಗೆ ಉತ್ತರ ಕೊಟ್ಟವರಲ್ಲಿ 100ಕ್ಕೆ 98 ಮಂದಿಗೆ ಪ್ಯಾಡ್ ಕಟ್ಟಿಕೊಳ್ಳುವ ಗತಿ ಬಂದಿರಲಿಲ್ಲ. ಲೈಂಗಿಕ ತೊಂದರೆ ಕಂಡದ್ದು ಸುಮಾರು 15 ಮಂದಿಯಲ್ಲಿ.

ಆದರೆ ಕಾಲ ಸರಿದಂತೆ ಚಿತ್ರ ಬದಲಾಗುತ್ತದೆ. 2022ರಲ್ಲಿ ಪ್ರಕಟವಾದ, 1,379 ಮಂದಿಯ ಇನ್ನೊಂದು ಬ್ರಿಟಿಷ್ ವರದಿಯ ಪ್ರಕಾರ ಏಳು ವರ್ಷದ ಹೊತ್ತಿಗೆ ಚಿಕಿತ್ಸೆ ವಿಫಲವಾಗದೆ ಉಳಿದವರು 100ಕ್ಕೆ 69. ಎಂದರೆ ಹತ್ತರಲ್ಲಿ ಮೂವರು ಬೇರೆ ಚಿಕಿತ್ಸೆಯ ಬಾಗಿಲು ತಟ್ಟಬೇಕಾಯಿತು. ಬೇಕಿದ್ದರೆ ಹೈಫುವನ್ನು ಮತ್ತೊಮ್ಮೆ ಮಾಡಬಹುದು, ಶಸ್ತ್ರಚಿಕಿತ್ಸೆ ಅಥವಾ ವಿಕಿರಣಕ್ಕೂ ಹೋಗಬಹುದು. ಆದರೆ ಒಮ್ಮೆ ಬೆಂದ ಜಾಗದಲ್ಲಿ ಶಸ್ತ್ರಚಿಕಿತ್ಸೆ ಮಾಡುವುದು ಹೆಚ್ಚು ಕಷ್ಟ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2015ರಲ್ಲಿ ಈ ಯಂತ್ರಗಳಿಗೆ ಒಪ್ಪಿಗೆ ಕೊಟ್ಟಾಗಲೂ ಎಚ್ಚರದ ಮಾತನ್ನೇ ಆಡಿತು. ಪ್ರಾಸ್ಟೇಟ್ ಅಂಗಾಂಶವನ್ನು ನಾಶಮಾಡಲು ಎಂದು ಒಪ್ಪಿಗೆಯೇ ಹೊರತು ಕ್ಯಾನ್ಸರ್ ಗುಣಪಡಿಸಲು ಎಂದಲ್ಲ. ‘ಕತ್ತಿಯಿಲ್ಲದೆ ಕ್ಯಾನ್ಸರ್ ಮಾಯ’ ಎಂಬ ಜಾಹೀರಾತು ಕಂಡರೆ ಈ ವ್ಯತ್ಯಾಸವನ್ನು ನೆನಪಿಸಿಕೊಳ್ಳಿ.

ಯಾರಿಗೆ ಹೊಂದುತ್ತದೆ?

ಕ್ಯಾನ್ಸರ್ ಗ್ರಂಥಿಯ ಒಳಗೇ ಇದ್ದು, ಒಂದು ಕಡೆಗೆ ಸೀಮಿತವಾಗಿ, ನಡುವಿನ ಅಪಾಯದ್ದಾಗಿದ್ದರೆ ಹೈಫು ಯೋಚಿಸಬಹುದಾದ ದಾರಿ. ಎಲುಬಿಗೋ ಬೇರೆ ಅಂಗಕ್ಕೋ ಹರಡಿದ್ದರೆ ಇದರಿಂದ ಪ್ರಯೋಜನವಿಲ್ಲ. ಗ್ರಂಥಿ ತುಂಬ ದೊಡ್ಡದಾಗಿ ಗಂಟು ಮುಂಭಾಗದಲ್ಲಿದ್ದರೆ ಧ್ವನಿಯ ಚುಕ್ಕೆ ಅಲ್ಲಿಯವರೆಗೆ ತಲುಪದು. ಗ್ರಂಥಿಯಲ್ಲಿ ಸುಣ್ಣದ ಕಲ್ಲುಗಳಿದ್ದರೆ ಧ್ವನಿ ಗೋಡೆಗೆ ಹೊಡೆದ ಚೆಂಡಿನಂತೆ ಹಿಂದಿರುಗುತ್ತದೆ. ಗುದನಾಳದ ಕಾಯಿಲೆ ಇರುವವರಿಗೂ ಇದು ಆಗದು.

ಇನ್ನು ಸೌಮ್ಯ ಕ್ಯಾನ್ಸರ್ ಇರುವ ಬಹಳಷ್ಟು ಮಂದಿಗೆ ಯಾವ ಚಿಕಿತ್ಸೆಯೂ ತಕ್ಷಣ ಬೇಕಿಲ್ಲ ಎಂದರೆ ಆಶ್ಚರ್ಯವಾದೀತು. ಬ್ರಿಟನ್ನಿನಲ್ಲಿ 1,643 ಮಂದಿಯನ್ನು ಮೂರು ಗುಂಪು ಮಾಡಿ, ಒಂದಕ್ಕೆ ಶಸ್ತ್ರಚಿಕಿತ್ಸೆ, ಒಂದಕ್ಕೆ ವಿಕಿರಣ, ಇನ್ನೊಂದಕ್ಕೆ ಬರೀ ನಿಗಾ ಎಂದು ಹಂಚಿ ನೋಡಿದರು. 2023ರಲ್ಲಿ ಬಂದ ಹದಿನೈದು ವರ್ಷಗಳ ಫಲಿತಾಂಶದಲ್ಲಿ, ಯಾವ ಗುಂಪಿನವರೇ ಆಗಲಿ, 100ಕ್ಕೆ ಸುಮಾರು 97 ಮಂದಿ ಈ ಕ್ಯಾನ್ಸರಿಗೆ ಬಲಿಯಾಗಿರಲಿಲ್ಲ. ಆದರೆ ನಿಗಾ ಎಂದರೆ ಸುಮ್ಮನಿರುವುದಲ್ಲ. ಕಾಲಕಾಲಕ್ಕೆ ಪಿಎಸ್‌ಎ, ಎಂಆರ್‌ಐ, ಬೇಕಾದಾಗ ಬಯಾಪ್ಸಿ ಮಾಡಿಸುತ್ತಲೇ ಇರಬೇಕು. ನಿಗಾದ ಗುಂಪಿನ ಹಲವರು ಕೊನೆಗೆ ಚಿಕಿತ್ಸೆ ಪಡೆದದ್ದೂ ನಿಜ. ಇದರಿಂದ ಕಲಿಯಬೇಕಾದದ್ದು ಇಷ್ಟೆ: ಶುರುವಿನ ಹಂತದಲ್ಲಿ ಯೋಚಿಸಿ ನಿರ್ಧರಿಸಲು ಕಾಲಾವಕಾಶವಿದೆ. ನಾಳೆಯೇ ದುಡ್ಡು ಕಟ್ಟಿ ಎಂದು ಯಾರಾದರೂ ಅವಸರಪಡಿಸಿದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವುದು ಜಾಣತನ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯಂಥ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಗಳ ತಜ್ಞರನ್ನೂ ಕಾಣಬಹುದು.

ಹೈಫು ಮಾಡಿಸಿಕೊಂಡವರಿಗೂ ನಿಗಾ ತಪ್ಪದು. ಮೊದಲ ವರ್ಷ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಪಿಎಸ್‌ಎ, ವರ್ಷದ ಸುಮಾರಿಗೆ ಎಂಆರ್‌ಐ, ಅನೇಕ ಕಡೆ ಬಯಾಪ್ಸಿ ಕೂಡ. ಗ್ರಂಥಿಯ ಒಂದು ಭಾಗ ಉಳಿದಿರುವುದರಿಂದ ಪಿಎಸ್‌ಎ ಸೊನ್ನೆಗೆ ಇಳಿಯುವುದಿಲ್ಲ. ಅದನ್ನು ಕಂಡು ಚಿಕಿತ್ಸೆ ಕೆಟ್ಟಿತೆಂದು ಹೆದರಬಾರದು. ಇಳಿದದ್ದು ಮತ್ತೆ ಏರುತ್ತ ಹೋದರೆ ಮಾತ್ರ ವಿಚಾರಿಸಬೇಕು.

ಕೇಳಬೇಕಾದ ಪ್ರಶ್ನೆಗಳು

ವೈದ್ಯರ ಬಳಿ ಹೋಗುವಾಗ ಒಂದು ಹಾಳೆಯಲ್ಲಿ ಪ್ರಶ್ನೆ ಬರೆದುಕೊಂಡು ಹೋಗಿ. ಕ್ಯಾನ್ಸರ್ ಗ್ರಂಥಿಯ ಯಾವ ಭಾಗದಲ್ಲಿದೆ, ಗ್ಲೀಸನ್ ಅಂಕ ಎಷ್ಟು? ಬರೀ ನಿಗಾ ಇಟ್ಟರೆ ಏನಾದೀತು? ಶಸ್ತ್ರಚಿಕಿತ್ಸೆ, ವಿಕಿರಣ, ಹೈಫು ಮೂರನ್ನೂ ನಮ್ಮ ವಿಷಯದಲ್ಲಿ ಹೋಲಿಸಿ ಹೇಳುವಿರಾ? ತಾವು ಸ್ವತಃ ಇದನ್ನು ಎಷ್ಟು ಮಂದಿಗೆ ಮಾಡಿದ್ದೀರಿ, ಅವರು ಈಗ ಹೇಗಿದ್ದಾರೆ? ವಿಫಲವಾದರೆ ಮುಂದೇನು? ಪರೀಕ್ಷೆ, ಚಿಕಿತ್ಸೆ, ಆಮೇಲಿನ ಎಂಆರ್‌ಐ, ಎಲ್ಲ ಸೇರಿ ಖರ್ಚು ಎಷ್ಟು, ವಿಮೆಯವರು ಕೊಡುತ್ತಾರೆಯೆ? ಈ ಪ್ರಶ್ನೆಗಳಿಗೆ ಒಳ್ಳೆಯ ವೈದ್ಯರು ಬೇಸರಪಡುವುದಿಲ್ಲ. ಬೇಸರಪಟ್ಟರೆ ಅದೂ ಒಂದು ಉತ್ತರವೇ.

ಒಂದು ಪ್ರಶ್ನೆಯನ್ನು ಮಾತ್ರ ಮಕ್ಕಳೆದುರು ಕೇಳಲು ತಂದೆಗೆ ನಾಲಿಗೆ ಏಳಲಾರದು. ಅದು ದಾಂಪತ್ಯಕ್ಕೆ ಸಂಬಂಧಿಸಿದ್ದು. ಅಷ್ಟು ಹೊತ್ತು ಮಕ್ಕಳು ಹೊರಗೆ ಬೆಂಚಿನ ಮೇಲೆ ಕೂತಿರಲಿ. ಹೆಂಡತಿ ಒಳಗಿರಲಿ. ಇದು ಅವರಿಬ್ಬರ ನಿರ್ಧಾರ.

ಭೂತಗನ್ನಡಿಯ ಆಟದಲ್ಲಿ ಎಲ್ಲವೂ ಚುಕ್ಕೆ ಎಲ್ಲಿ ಬೀಳುತ್ತದೆ ಎಂಬುದರ ಮೇಲೆ ನಿಂತಿದೆ. ಈ ಚಿಕಿತ್ಸೆಯಲ್ಲೂ ಹಾಗೆಯೇ. ಎಲ್ಲಿದೆ, ಎಷ್ಟಿದೆ ಎಂಬುದು ಮೊದಲೇ ನಿಖರವಾಗಿ ಗೊತ್ತಾಗಿರಬೇಕು. ಅದಕ್ಕೆ ಪರೀಕ್ಷೆ ಬೇಕು, ಪರೀಕ್ಷೆಗೆ ಮುಂಚೆ ಮಾತು ಬೇಕು. ಇಂದು ರಾತ್ರಿ ಊಟವಾದ ಮೇಲೆ ‘ಅಪ್ಪಾ, ಆ ವರದಿ ಎಲ್ಲಿಟ್ಟಿದ್ದೀರಿ? ಒಮ್ಮೆ ನೋಡೋಣ’ ಎಂದು ಕೇಳಿ. ಚಿಕಿತ್ಸೆ ಯಾವುದೇ ಆಗಲಿ, ಅದು ಶುರುವಾಗುವುದು ಬೀರುವಿನ ಬಾಗಿಲು ತೆರೆದ ಮೇಲೆ.